ಹೆಚ್ಚಿಗೆ ಹಾಕಿದ ಮೂರು ಹನಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಆಂಡರ್ಸನ್‌ಪೇಟೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ಲ್ಯಾಬ್ ಕೆಲಸ ಮಾಡಿದೆ, ಅಲ್ಲಿಗೆ ಬಂದವರಲ್ಲಿ ನನ್ನಿಂದ ಬೈಸಿಕೊಳ್ಳದೆ ಹೋದವರು ಕಮ್ಮಿ. ಬೆರಳು ಕೊಡಿ ಅಂದರೆ ಕೈ ಹಿಂದಕ್ಕೆಳೆಯುವವರು, ಬರಿ ಹೊಟ್ಟೆಯಲ್ಲಿ ಬನ್ನಿ ಅಂದರೆ ಇಡ್ಲಿ ತಿಂದು ಬಂದು “ಎರಡೇ ಎರಡು ಅಕ್ಕಾ” ಅನ್ನುವವರು, ಇನ್ನೊಬ್ಬರ ಚೀಟಿ ಎತ್ತಿಕೊಂಡು ಹೋಗುವವರು, ಎಲ್ಲರಿಗೂ ಮಂಗಳಾರತಿ ಆಗುತ್ತಿತ್ತು. ನನಗೆ ರಕ್ತದಕ್ಕ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹೇಳುತ್ತಿರಲಿಲ್ಲ, ಹೇಳಿದ್ದರೆ ಅದಕ್ಕೂ ಬೈಸಿಕೊಳ್ಳುತ್ತಿದ್ದರು.

ಮನೆ ಬಂಗಾರಪೇಟೆಯಲ್ಲಿ. ಅಮ್ಮ, ನಾನು, ಇಬ್ಬರೇ. ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿ ಹೋಗುವುದು, ಸಂಜೆ ಅದೇ ರೈಲಿನಲ್ಲಿ ವಾಪಸು. ಆಸ್ಪತ್ರೆಗೆ ಇಪ್ಪತ್ತು ಹಾಸಿಗೆ, ಒಬ್ಬರೇ ಹಿರಿಯ ಡಾಕ್ಟರು. ನನ್ನ ಲ್ಯಾಬೆಂದರೆ ಒಂದು ಕೋಣೆ, ಒಂದು ಸೂಕ್ಷ್ಮದರ್ಶಕ, ಬೆಳಕಿಗೆ ಒಂದು ಕಿಟಕಿ. ಆ ಆಸ್ಪತ್ರೆ ಈಗಿಲ್ಲ, ಆ ಡಾಕ್ಟರೂ ಇಲ್ಲ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ಹಿಮೋಗ್ಲೋಬಿನ್ ನೋಡಲು ಆಗ ನಮ್ಮಲ್ಲಿದ್ದದ್ದು ಅಂಗೈಯಗಲದ ಒಂದು ಪೆಟ್ಟಿಗೆ. ಅದರಲ್ಲಿ ಎರಡು ಕಂದು ಗಾಜಿನ ಪಟ್ಟಿ, ನಡುವೆ ಒಂದು ಕೊಳವೆ ನಿಲ್ಲಿಸುವ ಜಾಗ. ಕೊಳವೆಗೆ ಸ್ವಲ್ಪ ಆಮ್ಲ ಹಾಕಿ, ಚುಚ್ಚಿ ತೆಗೆದ ಒಂದು ತೊಟ್ಟು ರಕ್ತ ಬಿಟ್ಟು ಕಾದರೆ ಅದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಹನಿ ಹನಿಯಾಗಿ ನೀರು ಹಾಕಿ ಕಲಕುತ್ತಾ ಹೋಗಬೇಕು. ಕೊಳವೆಯ ಬಣ್ಣ ಅಕ್ಕಪಕ್ಕದ ಗಾಜಿನ ಬಣ್ಣಕ್ಕೆ ಸರಿಸಮ ಬಂದ ಕೂಡಲೇ ನಿಲ್ಲಿಸಬೇಕು. ನೀರು ಎಲ್ಲಿವರೆಗೆ ಏರಿದೆಯೋ ಅಲ್ಲಿ ಬರೆದಿರುವ ಅಂಕೆಯೇ ಆ ಮನುಷ್ಯನ ರಕ್ತದ ಅಂಕೆ. ಇದರಲ್ಲಿ ಯಂತ್ರದ ಕೆಲಸ ಏನೂ ಇಲ್ಲ. ಒಂದು ಕಣ್ಣು, ಒಂದು ಕೈ, ಅಷ್ಟೇ.

ಈಗ ನನ್ನ ತಪ್ಪು ಹೇಳಬೇಕು. ಚಿನ್ನದ ಗಣಿಯ ಕೆಲಸಕ್ಕೆ ಕೂಲಿಯವರನ್ನು ಕಳಿಸುವ ಗುತ್ತಿಗೆದಾರರು ಆಳುಗಳಿಂದ ರಕ್ತದ ಚೀಟಿ ಕೇಳುತ್ತಿದ್ದರು. ಹತ್ತು ಇದ್ದರೆ ಕೆಲಸ, ಇಲ್ಲದಿದ್ದರೆ ಮನೆಗೆ ಹೋಗು. ಹೊಟ್ಟೆಯಲ್ಲಿ ಹುಳ, ಊಟ ಅಷ್ಟಕ್ಕಷ್ಟೆ, ಹತ್ತು ಎಲ್ಲಿಂದ ಬರಬೇಕು ಅವರಿಗೆ? ನನ್ನ ಕಿಟಕಿಯ ಹತ್ತಿರ ನಿಂತು “ಅಕ್ಕಾ, ಕೊಂಜಂ ನೋಡಿ ಬರೀಕ್ಕಾ, ಮೂರು ಮಕ್ಳಿದಾವೆ” ಅನ್ನುತ್ತಿದ್ದರು. ಮೊದಲ ಸಲ ಒಬ್ಬನಿಗೆ, ಬಣ್ಣ ಸರಿಸಮ ಬಂದ ಮೇಲೂ ಮೂರು ಹನಿ ನೀರು ಹೆಚ್ಚಿಗೆ ಹಾಕಿದೆ. ಒಂಬತ್ತು ಇದ್ದದ್ದು ಹತ್ತಾಯಿತು. ಅವನು ಕೈ ಮುಗಿದು ಹೋದ. ಬಾಯಲ್ಲಿ ಬೈಯುತ್ತಾ ಕೈಯಲ್ಲಿ ಹನಿ ಹಾಕುತ್ತಾ ವರ್ಷಗಳೇ ಕಳೆದವು. ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುತ್ತಿದ್ದೆ, ಪುಣ್ಯದ ಕೆಲಸ ಎಂದೇ ನಂಬಿದ್ದೆ. ಡಾಕ್ಟರಿಗೆ ಗೊತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ, ಕಾಮಸಮುದ್ರದ ಕಡೆಯ ಹಳ್ಳಿಯೊಂದರಿಂದ ಒಬ್ಬ ಹುಡುಗಿಯನ್ನು ಅವಳ ತಾಯಿ ಬಸ್ಸಿನಲ್ಲಿ ಕರೆತಂದಳು. ಚೊಚ್ಚಲ ಬಸುರಿಯನ್ನು ತವರಿಗೆ ಕರೆತರುವ ಶಾಸ್ತ್ರ ಮುಗಿದು ವಾರವೂ ಆಗಿರಲಿಲ್ಲವಂತೆ. ಆರೂವರೆ ತಿಂಗಳಿಗೇ ನೋವು ಶುರುವಾಗಿತ್ತು. ಬಂದ ಒಂದು ಗಂಟೆಗೆ ಹೆರಿಗೆಯಾಯಿತು. ಹೆಣ್ಣು. ಒಂದು ಕೇಜಿಗೂ ಐವತ್ತು ಗ್ರಾಂ ಕಮ್ಮಿ. ಚರ್ಮದೊಳಗಿನ ನರ ಕಾಣುತ್ತಿತ್ತು. ತೂಕದ ತಟ್ಟೆಯಲ್ಲಿ ಮಲಗಿಸಿದಾಗ ಅದು ಅಳಲೂ ಇಲ್ಲ, ಸುಮ್ಮನೆ ಬಾಯಿ ತೆರೆಯಿತು. ನಾನು ಮುಖ ತಿರುಗಿಸಿದೆ.

ಬೆಂಗಳೂರಿಗೆ ಕಳಿಸಿದರೆ ದಾರಿಯಲ್ಲೇ ಹೋಗುತ್ತದೆ ಎಂದು ಡಾಕ್ಟರು ಇಲ್ಲೇ ಇಟ್ಟುಕೊಂಡರು. ಮರದ ಪೆಟ್ಟಿಗೆಗೆ ಎರಡು ಬಲ್ಬು ಹಾಕಿ, ಹತ್ತಿ ಹಾಸಿ, ಮೂಗಿನ ನಳಿಕೆಯಲ್ಲಿ ತಾಯಿಯ ಹಾಲು ಗಂಟೆಗೆ ಇಷ್ಟು ಹನಿ ಎಂದು ಬಿಡುತ್ತಿದ್ದರು. ಮಗು ಒಮ್ಮೊಮ್ಮೆ ಉಸಿರಾಡುವುದನ್ನೇ ಮರೆತುಬಿಡುತ್ತಿತ್ತು. ಆಗ ಅಂಗಾಲಿಗೆ ಬೆರಳಿಂದ ತಟ್ಟಿದರೆ ಬೆಚ್ಚಿಬಿದ್ದು ಮತ್ತೆ ಉಸಿರೆಳೆಯುತ್ತಿತ್ತು. ನಾಳೆಗಿರಲ್ಲ, ನಾಳೆಗಿರಲ್ಲ ಎನ್ನುತ್ತಲೇ ಒಂದು ವಾರ ದಾಟಿತು.

ಒಂಬತ್ತನೇ ದಿನ ಡಾಕ್ಟರು ಲ್ಯಾಬಿಗೆ ಬಂದು ಕೂತರು. “ನೋಡಮ್ಮ, ಇಷ್ಟು ಬೇಗ ಹುಟ್ಟಿದ ಕೂಸಿಗೆ ತನ್ನ ರಕ್ತ ತಾನೇ ಮಾಡಿಕೊಳ್ಳೋಕೆ ಇನ್ನೂ ಬರಲ್ಲ. ಇರೋದೇ ಒಂದು ಲೋಟದಷ್ಟೂ ಇಲ್ಲ, ಅದರಲ್ಲಿ ಪರೀಕ್ಷೆಗೆ ಅಂತ ನಾವೂ ತಗೊಳ್ತಾ ಇದೀವಿ. ಅಂಕೆ ಇಳೀತಾ ಹೋಗುತ್ತೆ.”

“ಹಂಗಾದ್ರೆ ಈಗಲೇ ರಕ್ತ ಕೊಟ್ಟುಬಿಡಬಹುದಲ್ಲ ಡಾಕ್ಟ್ರೇ?” ಅಂದೆ.

“ಕೊಡೋದು ಸುಲಭ ಅನ್ಕೊಂಡ್ಯಾ? ದಾರದಂಥ ನರ. ಸ್ವಲ್ಪ ಹೆಚ್ಚಾದರೆ ಹೃದಯ ತಡ್ಕೊಳಲ್ಲ. ಬೇರೆಯವರ ರಕ್ತದಲ್ಲಿ ಕಾಮಾಲೆ ಇದ್ದರೆ, ಮಲೇರಿಯಾ ಇದ್ದರೆ? ಅದೂ ಅಲ್ಲದೆ ಹೊರಗಿಂದ ಕೊಟ್ಟರೆ ಅದರ ಮೈ ತನ್ನ ಕೆಲಸ ಕಲಿಯೋದನ್ನ ಇನ್ನೂ ಮುಂದಕ್ಕೆ ಹಾಕುತ್ತೆ. ಎಂಟರವರೆಗೂ ಕಾಯ್ತೀನಿ. ಎಂಟಕ್ಕಿಂತ ಕೆಳಗೆ ಹೋದ ದಿನ ಕೊಡೋಣ. ಮೂರು ದಿನಕ್ಕೊಂದು ಸಲ ನೋಡು.”

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆ ಎಂಟು ಎನ್ನುವ ಗೆರೆಯನ್ನು ನೋಡಿ ಹೇಳಬೇಕಾದವಳು ನಾನು ಎಂಬುದಷ್ಟೇ ಅದರಲ್ಲಿದ್ದ ತೊಂದರೆ.

ಮೂರು ದಿನಕ್ಕೊಮ್ಮೆ ಆ ಕಾಳಿನಷ್ಟು ಹಿಮ್ಮಡಿಗೆ ಚುಚ್ಚಿ ಒಂದು ತೊಟ್ಟು ತೆಗೆಯುತ್ತಿದ್ದೆ. ಎಳೆಯ ಕೂಸಿನ ರಕ್ತ ಆಮ್ಲದಲ್ಲಿ ಬಣ್ಣ ತಿರುಗಲು ದೊಡ್ಡವರದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಗಡಿಯಾರ ನೋಡಿಕೊಂಡು ಅಷ್ಟೂ ಹೊತ್ತು ಕಾಯುತ್ತಿದ್ದೆ. ಬೇರೆ ಲ್ಯಾಬಿನವರಾಗಿದ್ದರೆ ಕಾಯುತ್ತಿರಲಿಲ್ಲ ಎಂದು ಮನಸ್ಸಿನಲ್ಲೇ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ಮೊದಲ ಸಲ ಹತ್ತು ಬಂತು. ಆಮೇಲೆ ಒಂಬತ್ತೂವರೆ, ಆಮೇಲೆ ಒಂಬತ್ತು. ಇಪ್ಪತ್ತೊಂದನೇ ದಿನ ಎಂಟೂವರೆ. ಡಾಕ್ಟರು ಚೀಟಿ ನೋಡಿ “ಇನ್ನೂ ಕಾಯಬಹುದು” ಅಂದರು. ಆದರೆ ಮಗು ಹಾಲು ಕುಡಿದರೂ ತೂಕ ಏರುತ್ತಿರಲಿಲ್ಲ, ಉಸಿರು ಮರೆಯುವುದು ದಿನಕ್ಕೆ ಎರಡು ಸಲ ಇದ್ದದ್ದು ಏಳೆಂಟು ಸಲಕ್ಕೆ ಬಂದಿತ್ತು. ಅಂಕೆ ಚೆನ್ನಾಗಿದೆಯಲ್ಲ, ಮತ್ತೇಕೆ ಹೀಗೆ ಎಂದು ಡಾಕ್ಟರು ತಲೆ ಕೆಡಿಸಿಕೊಂಡಿದ್ದರು.

ಆ ಇಪ್ಪತ್ತೊಂದನೇ ದಿನವೇ ಚೀಟಿ ಕೊಟ್ಟು ಬರುವಾಗ, ಮಗುವಿನ ಕೋಣೆಯಲ್ಲಿ ಅಜ್ಜಿ ಪೆಟ್ಟಿಗೆಯ ಮೇಲೆ ಬಗ್ಗಿ ನಿಂತಿದ್ದಳು. ಬಸುರಿಯನ್ನು ಕರೆತಂದಿದ್ದ ಆ ತಾಯಿಯೇ. ಸಣ್ಣ ಮೈಯ ಗಟ್ಟಿ ಹೆಂಗಸು, ಊರಲ್ಲಿ ಮೇಕೆ ಸಾಕುವವಳು. ಮಗುವಿನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಕೆಳಕ್ಕೆಳೆದು ನೋಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು.

“ಏನ್ರೀ ಇದು! ಮುಟ್ಟಬೇಡಿ ಅಂತ ಎಷ್ಟು ಸಲ ಹೇಳಬೇಕು ನಿಮಗೆ?”

“ಕೈ ತೊಳ್ಕೊಂಡೇ ಮುಟ್ಟಿದೀನಿ ಕಣಮ್ಮಾ. ಇಲ್ನೋಡು, ಮಗಾ ಬೆಳ್ಳಗಾಗೋಯ್ತಲ್ಲ. ನಿನ್ ಗಾಜು ಏನೇಳ್ತೈತೆ?”

“ಎಂಟೂವರೆ ಇದೆ. ಸಾಕು.”

“ಎಂಟೋ ಒಂಬತ್ತೋ ನಂಗೊತ್ತಿಲ್ಲ. ಮೇಕೆ ಮರಿ ಕಣ್ಣು ಇಂಗಾದ್ರೆ ಆವತ್ತೇ ಮದ್ದು ಆಕ್ತೀವಿ. ನಾಳಿಕ್ಕೆ ಅಂತ ಕಾಯಲ್ಲ.”

“ಇದು ಮೇಕೆ ಅಲ್ಲ, ಮನುಷ್ಯರ ಮಗು!”

“ಮನುಷ್ಯರದಾದ್ರೆ ರಕ್ತ ಬ್ಯಾರೆ ಬಣ್ಣನಾ?” ಅಂದಳು. ಗಟ್ಟಿಯಾಗಿ ಅನ್ನಲಿಲ್ಲ, ನಿಜಕ್ಕೂ ಕೇಳಿದ ಹಾಗೆ ಕೇಳಿದಳು.

ನಾನು ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಓದು ಬರಹ ಇಲ್ಲದ ಮುದುಕಿ ನನ್ನ ಕೆಲಸ ನನಗೆ ಹೇಳಿಕೊಡಲು ಬಂದಳಲ್ಲ ಎಂದು ಗೊಣಗುತ್ತಾ ಲ್ಯಾಬಿಗೆ ಬಂದೆ. ಕೊಳವೆ ಇನ್ನೂ ಪೆಟ್ಟಿಗೆಯಲ್ಲೇ ಇತ್ತು, ತೊಳೆದಿರಲಿಲ್ಲ. ಅವಳ ಬಾಯಿ ಮುಚ್ಚಿಸಲು ತೋರಿಸೋಣ ಎಂದು ಪೆಟ್ಟಿಗೆ ಸಮೇತ ಎತ್ತಿ ಕಿಟಕಿಗೆ ಹಿಡಿದೆ. ಹಿಡಿದವಳು ಹಾಗೇ ನಿಂತುಬಿಟ್ಟೆ.

ಕೊಳವೆಯ ಬಣ್ಣ ಪಕ್ಕದ ಗಾಜಿಗಿಂತ ತಿಳಿಯಾಗಿತ್ತು. ತಿಳಿ ಎಂದರೆ ಯಾರಿಗಾದರೂ ಕಾಣುವಷ್ಟು. ಸರಿಸಮ ಬಂದ ಮೇಲೂ ನೀರು ಬಿದ್ದಿತ್ತು. ಮಗುವಿಗೆ ಹೆಚ್ಚಿಗೆ ಹಾಕಬೇಕೆಂದು ನಾನು ಒಂದು ಸಲವೂ ಅಂದುಕೊಂಡಿರಲಿಲ್ಲ. ಆದರೆ ಎಷ್ಟೋ ವರ್ಷ ದಿನಕ್ಕೆ ಹತ್ತು ಹದಿನೈದು ಸಲ ಮಾಡಿದ ಕೈ, ತಾನಾಗಿಯೇ ಮೂರು ಹನಿ ಹಾಕಿ ಮುಗಿಸುವುದನ್ನು ಕಲಿತುಬಿಟ್ಟಿತ್ತು. ಕಣ್ಣು ಕೂಡಾ ಆ ತಿಳಿ ಬಣ್ಣವನ್ನೇ ಸರಿಸಮ ಎಂದು ಒಪ್ಪಿಕೊಂಡಿತ್ತು. ಈಗ ಜಗಳಕ್ಕೆ ಎಂದು ಎತ್ತಿ ನೋಡಿದಾಗ, ಮೊದಲ ಸಲ ಕಂಡಿತು.

ನನ್ನ ಮೊದಲ ಯೋಚನೆ ಮಗುವಿನದಾಗಿರಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ಯಾರಿಗೂ ಗೊತ್ತಾಗದ ಹಾಗೆ ಸರಿಮಾಡಬೇಕು ಎಂಬುದೇ ಮೊದಲು ಬಂತು. ರಕ್ತ ಹೆಪ್ಪುಗಟ್ಟಿಬಿಟ್ಟಿತ್ತು, ಇನ್ನೊಂದು ಸಲ ತೆಗೆಯಬೇಕು ಎಂದು ನರ್ಸಿಗೆ ಸುಳ್ಳು ಹೇಳಿ ಮತ್ತೆ ಚುಚ್ಚಿದೆ. ಈ ಸಲ ಒಂದೊಂದು ಹನಿಗೂ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಏಳೂಕಾಲು. ಹೊಸ ಚೀಟಿ ಬರೆದು ಡಾಕ್ಟರ ಮೇಜಿನ ಮೇಲಿಟ್ಟು, “ಎರಡನೇ ಸಲ ನೋಡಿದಾಗ ಇಷ್ಟು ಬಂತು” ಎಂದಷ್ಟೇ ಹೇಳಿ ಬಂದುಬಿಟ್ಟೆ. ಎಂಟಕ್ಕಿಂತ ಕೆಳಗೆ ಬಂತಲ್ಲ, ರಕ್ತ ಕೊಡುತ್ತಾರೆ, ಮಗು ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ.

ಅರ್ಧ ಗಂಟೆಯಾದರೂ ರಕ್ತದ ಗುಂಪು ನೋಡು ಎಂದು ಯಾರೂ ಬರಲಿಲ್ಲ. ಎದ್ದು ಹೋದೆ. ಡಾಕ್ಟರು ಮಗುವಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಆ ತಾಯಿ ಹುಡುಗಿಯ ಪಕ್ಕ ಕೂತಿದ್ದರು. ಎದುರಿಗೆ ಅಜ್ಜಿ.

“ಮೂರು ದಿನದ ಹಿಂದೆ ಒಂಬತ್ತಿತ್ತು, ಈವತ್ತು ಮೊದಲು ಎಂಟೂವರೆ, ಈಗ ಏಳೂಕಾಲು” ಎಂದು ಹೇಳುತ್ತಿದ್ದರು. “ಇಷ್ಟು ಬೇಗ ಇಷ್ಟು ಇಳಿಯೋದು ತಾನಾಗಿ ಆಗಲ್ಲ. ಒಳಗೆ ಎಲ್ಲೋ ಸೋರಿದೆ. ಉಸಿರು ನಿಲ್ತಾ ಇರೋದು ನೋಡಿದರೆ ತಲೆಯೊಳಗೇ ಇರಬೇಕು. ಹಂಗಾದ ಮೇಲೆ ರಕ್ತ ಕೊಟ್ಟರೂ ಉಪಯೋಗ ಇಲ್ಲಮ್ಮ. ಕೊಡೋಕೆ ಅಂತ ಇನ್ನಷ್ಟು ಚುಚ್ಚಿ ಹಿಂಸೆ ಮಾಡೋದು ಬೇಡ. ಮನೆಗೆ ಕರ್ಕೊಂಡು ಹೋಗಿ. ತಾಯಿ ಮಡಿಲಲ್ಲಿರಲಿ.”

ಹುಡುಗಿ ಅಳಲಿಲ್ಲ, ಅವಳಿಗೆ ಅರ್ಥವೇ ಆದಂತಿರಲಿಲ್ಲ. ಅಜ್ಜಿ ತಲೆಯಾಡಿಸಿದಳು, ಸೆರಗಿನಲ್ಲಿ ಮೂಗೊರೆಸಿಕೊಂಡಳು. ಆಮೇಲೆ ಎದ್ದು ಚೀಲದಿಂದ ಒಂದು ಹಳೆ ಮೆತ್ತನೆ ಸೀರೆ ತೆಗೆದು ನಡುವೆ ಹರಿದಳು, ಮಗುವನ್ನು ಸುತ್ತಲಿಕ್ಕೆ. ಹರಿಯುತ್ತಾ ಡಾಕ್ಟರನ್ನು ಕೇಳಿದಳು: “ಸಾಮಿ, ಬಸ್ಸು ಇಳಿಯೋಗಂಟ ಜೀವ ಇರ್ತೈತಾ? ಈಗ್ಲೇ ಒಂದಿಷ್ಟು ಆಲು ಬಿಡ್ಸಿಕೊಂಡು ಓಗ್ಲಾ, ಇಲ್ಲ ಅದೂ ಬ್ಯಾಡ್ವಾ?”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಲ್ಯಾಬಿಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಕೆಲಸ ಹೋದರೆ ಅಮ್ಮನನ್ನು ಏನು ಸಾಕುವುದು? ಗುತ್ತಿಗೆದಾರರಿಗೆ ತಿಳಿದರೆ ಆ ಗಂಡಸರೆಲ್ಲರ ಕೂಲಿ ಹೋಗುವುದಿಲ್ಲವೇ? ಇಷ್ಟು ವರ್ಷ ಊರಿನವರನ್ನೆಲ್ಲ ಬೈದವಳು ಅವರ ಮುಂದೆ ಹೇಗೆ ತಲೆಯೆತ್ತುವುದು? ಹೀಗೆ ಕೂತದ್ದು ಐದು ನಿಮಿಷ ಇದ್ದೀತು. ಮಗುವಿನ ಉಸಿರು ಏಳೆಂಟು ಸಲ ನಿಲ್ಲುವ ದಿನದಲ್ಲಿ ಐದು ನಿಮಿಷ ಎಂದರೆ ಎಷ್ಟು ಎಂದು ನಾನು ಬಲ್ಲೆ. ಆದರೂ ಕೂತೆ. ಅದನ್ನು ಈವತ್ತಿಗೂ ನಾನು ಕ್ಷಮಿಸಿಕೊಂಡಿಲ್ಲ.

ಡಾಕ್ಟರು ತಮ್ಮ ಕೋಣೆಗೆ ಬಂದದ್ದು ಕೇಳಿಸಿತು. ಹೋಗಿ ಬಾಗಿಲಲ್ಲೇ ನಿಂತು ಹೇಳಿದೆ. “ಡಾಕ್ಟ್ರೇ, ಸೋರಿಲ್ಲ. ಮಗುವಿಗೆ ಒಳಗೆಲ್ಲೂ ಸೋರಿಲ್ಲ.”

“ಏನು?”

“ಒಂಬತ್ತು ಇರಲೇ ಇಲ್ಲ. ನಾನು ಬರೆದ ಅಂಕೆಗಳೆಲ್ಲ ಒಂದು, ಒಂದೂಕಾಲು ಹೆಚ್ಚು. ಆವತ್ತು ಎಂಟರ ಹತ್ತಿರ ಇತ್ತು, ಈವತ್ತು ಏಳೂಕಾಲು. ಮೆಲ್ಲಗೇ ಇಳಿದಿದೆ, ನೀವು ಹೇಳಿದ ಹಾಗೇ.” ಆಮೇಲೆ ಕೂಲಿಯವರ ವಿಷಯ, ಮೂರು ಹನಿಯ ವಿಷಯ, ಎಲ್ಲ ಹೇಳಿದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. “ಎಷ್ಟು ವರ್ಷದಿಂದ?” ಅಂದರು.

“ಒಂಬತ್ತು ವರ್ಷದಿಂದ.”

“ನನ್ನ ಕಣ್ಣೇ ನೀನು ಅಂತ ನಂಬಿದ್ದೆನಲ್ಲಮ್ಮ” ಅಂದರು. ಅಷ್ಟೇ. ಎದ್ದು ನನ್ನನ್ನು ದಾಟಿಕೊಂಡು ಹೊರಗೆ ಹೋದರು. ಆಗ ನೋಡಿದರೆ ಅಜ್ಜಿ ಬಾಗಿಲ ಪಕ್ಕದಲ್ಲಿ ನಿಂತಿದ್ದಳು, ಹರಿದ ಸೀರೆ ಕೈಯಲ್ಲಿ. ಏನೋ ಕೇಳಲು ಬಂದಿದ್ದಳು. ಡಾಕ್ಟರು ಅವಳಿಗೆ, “ಮಿಷನ್ನು ತಪ್ಪು ತೋರಿಸಿತ್ತಮ್ಮ. ರಕ್ತ ಕೊಡ್ತೀವಿ. ಯಾರು ಕೊಡ್ತೀರಾ?” ಅಂದರು.

“ನನ್ದೇ ತಗೋಳಿ” ಎಂದು ಅವಳು ಆಗಲೇ ತೋಳು ಚಾಚಿದಳು.

ಅವಳ ಬೆರಳು ಚುಚ್ಚಿ ನೋಡಿದೆ. ಡಾಕ್ಟರು ನನ್ನ ಭುಜದ ಹಿಂದೆಯೇ ನಿಂತು ಕೊಳವೆ ನೋಡುತ್ತಿದ್ದರು. ಒಂಬತ್ತು. ಕೊಡುವ ಹಾಗಿಲ್ಲ. “ನಿಮಗೇ ಸಾಲದು ಅಜ್ಜಿ” ಅಂದೆ. ಅವಳು ನನ್ನ ಮುಖ ನೋಡಿ, “ಇದಾದ್ರೂ ದಿಟನಾ?” ಅಂದಳು. ನಾನು ಹೂಂ ಅಂದೆ.

ಅಷ್ಟರಲ್ಲಿ ಮಗುವಿನ ಅಪ್ಪ ಬಂದ. ಬಂಗಾರಪೇಟೆ ಕಡೆಯ ಹಳ್ಳಿಯವನು, ಡೈರಿಗೆ ಹಾಲು ಹಾಕಿ ಬಸ್ಸು ಹತ್ತಿ ದಿನಾ ಆ ಹೊತ್ತಿಗೆ ಬರುತ್ತಿದ್ದ. ಆರಡಿ ಆಳು, ಹುರಿ ಮೀಸೆ. ಅವನ ಅಂಕೆ ಚೆನ್ನಾಗಿತ್ತು. ಗುಂಪು ಕೂಡಿತು, ಅವನ ರಕ್ತಕ್ಕೂ ಮಗುವಿನ ರಕ್ತಕ್ಕೂ ಗಾಜಿನ ಮೇಲೆ ಬೆರೆಸಿ ನೋಡಿದರೆ ಜಗಳವಿರಲಿಲ್ಲ. ರಕ್ತ ತೆಗೆಯುವ ದೊಡ್ಡ ಸೂಜಿ ನೋಡಿದ್ದೇ ತಡ, ಕಣ್ಣು ಮೇಲೆ ಮಾಡಿಕೊಂಡು ಬೆಂಚಿನ ಮೇಲೆ ಉರುಳಿಬಿಟ್ಟ. ಅಜ್ಜಿ ಅವನ ಮುಖಕ್ಕೆ ನೀರು ಚಿಮುಕಿಸಿ, “ಏಳಪ್ಪಾ ಅಳಿಯ, ಎಮ್ಮೆ ಕಟ್ಟೋನು ಇಂಗಾ ಬೀಳೋದು?” ಅಂದಳು. ಆ ಇಡೀ ದಿನ ಆಸ್ಪತ್ರೆಯಲ್ಲಿ ನಕ್ಕದ್ದು ಅದೊಂದೇ ಸಲ. ಅವನೂ ನಾಚಿಕೊಂಡು ತೋಳು ಕೊಟ್ಟ.

ಒಂದು ಸಿರಿಂಜು, ಹತ್ತು ಎಂಎಲ್. ನಾವು ಕುಡಿಯುವ ಕೆಮ್ಮಿನ ಔಷಧಿಯ ಎರಡು ಚಮಚದಷ್ಟು. ಮಗುವಿನ ತಲೆಯ ನರಕ್ಕೆ ಸೂಜಿ ಹಾಕಲು ಡಾಕ್ಟರಿಗೆ ಮೂರು ಸಲ ಆಗಲಿಲ್ಲ, ನಾಲ್ಕನೆಯ ಸಲ ಹೋಯಿತು. ಅವರು ಗಡಿಯಾರ ಎದುರಿಗಿಟ್ಟುಕೊಂಡು ಸಿರಿಂಜನ್ನು ಹೆಬ್ಬೆರಳಲ್ಲಿ ಒತ್ತಿದ್ದು ಕಾಣದಷ್ಟು ಮೆಲ್ಲಗೆ ಒತ್ತುತ್ತಾ ಮೂರು ಗಂಟೆ ಕೂತರು. ನನಗೆ ಕೊಟ್ಟ ಕೆಲಸ ಮಗುವಿನ ಅಂಗಾಲಿನ ಹತ್ತಿರ ಬೆರಳಿಟ್ಟುಕೊಂಡು ಕೂರುವುದು. ಉಸಿರು ನಿಂತಾಗ ತಟ್ಟಬೇಕು. ಮೊದಲ ಗಂಟೆಯಲ್ಲಿ ಎರಡು ಸಲ ತಟ್ಟಿದೆ. ಎರಡನೇ ಗಂಟೆಯಲ್ಲಿ ಒಂದು ಸಲ. ಮೂರನೆಯದರಲ್ಲಿ ತಟ್ಟಲೇ ಇಲ್ಲ. ತುಟಿಗೆ ಮೊದಲು ಬಣ್ಣ ಬಂತು, ಆಮೇಲೆ ಕಿವಿಗೆ. ಡಾಕ್ಟರು ಸೂಜಿ ತೆಗೆದು, ಹತ್ತಿ ಒತ್ತಿ, ನನ್ನ ಕಡೆ ನೋಡದೆ “ನಿನ್ನ ರೈಲಿಗೆ ಹೊತ್ತಾಯ್ತು, ಹೊರಡು” ಅಂದರು. ರೈಲಿನಲ್ಲಿ ಕೂತು ಬಂಗಾರಪೇಟೆವರೆಗೂ ಅತ್ತೆ. ಪಕ್ಕದಲ್ಲಿದ್ದ ಹೂವಿನವಳು ಯಾರಾದರೂ ಹೋದರಾ ಎಂದು ಕೇಳಿದಳು. ಇಲ್ಲ, ಉಳಿಯಿತು ಅಂದೆ.

ಮಗು ಆಮೇಲೆ ತೂಕ ಏರಿತು, ದಿನಕ್ಕೆ ಹತ್ತು ಗ್ರಾಂ, ಹದಿನೈದು ಗ್ರಾಂ. ಡಾಕ್ಟರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಒಂದು ತಿಂಗಳು ಪ್ರತಿ ಕೊಳವೆಯನ್ನೂ ತಾವೇ ಬಂದು ನೋಡಿದರು, ಒಂದು ಮಾತೂ ಆಡದೆ. ಬೈದಿದ್ದರೆ ವಾಸಿಯಿತ್ತು. “ನಿಜ ಇದ್ದದ್ದನ್ನೇ ಬರಿ. ಯಾರಿಗೇ ಆಗಲಿ” ಎಂದು ಒಂದು ಸಲ ಹೇಳಿದರು, ಅಷ್ಟೇ.

ಬರೆದೆ. ಮೊದಲ ವಾರವೇ ಒಬ್ಬ ಬಂದ, ವರ್ಷಕ್ಕೆರಡು ಸಲ ನನ್ನ ಹತ್ತಿರ ಚೀಟಿ ತೆಗೆದುಕೊಳ್ಳುತ್ತಿದ್ದವನು. ಎಂಟೂಮುಕ್ಕಾಲು ಎಂದು ಬರೆದುಕೊಟ್ಟೆ. ಅವನು ಓದಿ, ತಪ್ಪಾಗಿದೆ ಎಂಬಂತೆ ಚೀಟಿಯನ್ನು ಮತ್ತೆ ನನ್ನ ಕಡೆ ಹಿಡಿದ. “ಅಕ್ಕಾ, ಯಾವಾಗ್ಲೂ ಹಾಕ್ತೀಯಲ್ಲಕ್ಕಾ.” “ಇನ್ನು ಹಾಕಲ್ಲ. ಈ ಮಾತ್ರೆ ತಗೋ, ಎರಡು ತಿಂಗಳು ಬಿಟ್ಟು ಬಾ” ಅಂದೆ. “ಎರಡು ತಿಂಗಳು ಏನು ತಿನ್ನೋದು?” ಅಂದ. ಅವನು ಮಾತ್ರೆಯನ್ನು ಕಿಟಕಿಯ ಕಟ್ಟೆ ಮೇಲೇ ಬಿಟ್ಟು ಹೋದ. ಮತ್ತೆ ಬರಲಿಲ್ಲ. ಅವನು ಬೇರೆ ಲ್ಯಾಬಿಗೆ ಹೋದನೋ, ಊರಿಗೇ ಹೋದನೋ ತಿಳಿಯದು. ಅವನ ಬಗ್ಗೆ ಯೋಚಿಸಿದಾಗ, ಮಗುವಿಗೆ ಸರಿಯಾಗಿ ಬರೆಯಲು ಇವನಿಗೆ ಯಾಕೆ ಕಷ್ಟ ಕೊಡಬೇಕಿತ್ತು ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಇಬ್ಬರದನ್ನೂ ನೋಡುವುದು ಒಂದೇ ಕಣ್ಣು, ಒಂದೇ ಕೈ. ಆ ಕೈಗೆ ಎರಡು ಪಾಠ ಹೇಳಿಕೊಡಲು ನನಗೆ ಬರಲಿಲ್ಲ.

ಮಗುವಿಗೆ ಒಂದೂವರೆ ಕೇಜಿ ತುಂಬಿದ ಮೇಲೆ ಮನೆಗೆ ಕಳಿಸಿದರು. ಹೊರಡುವ ಮೊದಲು ಅಜ್ಜಿ ಅದನ್ನು ಎತ್ತಿಕೊಂಡು ಲ್ಯಾಬಿನೊಳಕ್ಕೇ ಬಂದಳು. ತಾಯಿ ಹುಡುಗಿ ಬಾಗಿಲಲ್ಲಿ ನಿಂತಳು. ಆಶೀರ್ವಾದವೋ ಹಣ್ಣುಕಾಯಿಯೋ ಇರಬೇಕು, ಬೇಡ ಅನ್ನಬೇಕು ಎಂದುಕೊಂಡು ನಾನು ಎದ್ದೆ.

“ಕುಂತ್ಕೋ” ಅಂದಳು. “ಮಿಷನ್ನು ತಪ್ಪು ತೋರಿಸ್ತು ಅಂದ್ರು ಡಾಕ್ಟ್ರು. ನಂಗೇನು ಕಿವಿ ಇಲ್ವಾ? ಆವತ್ತು ಬಾಗ್ಲಾಗೇ ನಿಂತಿದ್ದೆ. ಎಲ್ಲಾ ಕೇಳಿಸ್ಕೊಂಡೆ. ಆಗ್ಲೇ ನಿನ್ ಜುಟ್ಟು ಇಡ್ಕೊಂಡು ಕೇಳಾನ ಅನ್ಕೊಂಡೆ. ಮಗಾ ನಿಮ್ ಕೈಯಾಗಿತ್ತು, ಬಾಯಿ ಮುಚ್ಕೊಂಡೆ. ಈವತ್ತು ನನ್ ಕೈಗೆ ಬಂತು, ಈಗ ಕೇಳು.”

ಆಮೇಲೆ ಬೈದಳು ನೋಡಿ. ನಿನ್ ಕೈ ಸೇದೋಗ ಅಂದಳು. ಕಣ್ಣು ನೋಡಿ ಏಳಿದ್ರೆ ಮೇಕೆ ಅಲ್ಲ ಅಂದ್ಯಲ್ಲೇ ಅಂದಳು. ಸೀರೆ ಹರಿದೆನಲ್ಲೇ, ಎಳೆ ಮಗೀನ ಮಣ್ಣಿಗೆ ಸುತ್ತಾಕೆ ನನ್ ಕೈಯಾರೆ ಸೀರೆ ಹರಿದೆನಲ್ಲೇ ಅಂದಳು. ಅವಳ ದನಿ ಹೊರಗಿನ ಬೆಂಚಿನವರಿಗೂ ಕೇಳಿಸುತ್ತಿತ್ತು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ನಿಜ ಹೇಳಬೇಕೆಂದರೆ ಎದೆ ಹಗುರವಾಗುತ್ತಿತ್ತು. ಇಷ್ಟು ದಿನ ಯಾರೂ ಬೈದಿರಲಿಲ್ಲ. ಬೈದು ಮುಗಿಯಿತು, ಇನ್ನು ಹೋಗುತ್ತಾಳೆ ಎಂದುಕೊಂಡೆ.

ಹೋಗಲಿಲ್ಲ. ದನಿ ತಗ್ಗಿಸಿ ಮಗುವಿನ ಬಟ್ಟೆ ಸರಿಸಿ, ಒಂದು ಪುಟ್ಟ ಪಾದವನ್ನು ತನ್ನ ಅಂಗೈ ಮೇಲಿಟ್ಟು ನನ್ನ ಮುಂದೆ ಹಿಡಿದಳು. ಹಿಮ್ಮಡಿಯ ತುಂಬ ಸಣ್ಣ ಸಣ್ಣ ಕಪ್ಪು ಚುಕ್ಕೆ. ಎಲ್ಲ ನಾನು ಚುಚ್ಚಿದ್ದು.

“ಇದ್ದಿದ್ದೇ ಒಂಚೂರು ರಕ್ತ. ಅದ್ರಾಗೆ ಇಷ್ಟು ಸಲ ಕಿತ್ಕೊಂಡಿದೀಯ” ಅಂದಳು. “ಇದ್ರಾಗೆ ನೀನು ದಿಟ ಬರ್ದಿದ್ದು ಯಾವ್ದು, ತೋರ್ಸಮ್ಮಾ.”

ನಾನು ಆ ಪಾದ ಹಿಡಿದುಕೊಂಡು ಬೆಳಕಿಗೆ ತಿರುಗಿಸಿ ನೋಡಿದೆ. ಎಲ್ಲ ಚುಕ್ಕೆಗಳೂ ಒಂದೇ ಥರ ಇದ್ದವು.